ಜಾತಿಗೊಂದು ಬಹುಮಾನ: ಕೂಡಿಸುವುದೋ, ಒಡೆಯುವುದೋ?

(ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಶಿಕ್ಷಕರ ಹಾಗೂ ನಾಗರಿಕರ ಮುಂದೆ ಮಾಡಿದ ಭಾಷಣ)



ಪ್ರತಿ ವರ್ಷವೂ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶವು ಪ್ರಕಟವಾದೊಡನೆ ನಮ್ಮ ಊರುಗಳಲ್ಲಿ ಸತ್ಕಾರ ಸಮಾರಂಭಗಳ ಸುಗ್ಗಿಯು ಮೊದಲಾಗುತ್ತದೆ. ಇಂದು ಒಂದು ಸಮಾಜದ ಮಂಗಲ ಕಾರ್ಯಾಲಯದಲ್ಲಿ, ನಾಳೆ ಇನ್ನೊಂದು ಸಮಾಜದ ಸಮುದಾಯ ಭವನದಲ್ಲಿ, ನಾಡದು ಮತ್ತೊಂದು ಸಮಾಜದ ಗುಡಿಯ ಅಂಗಳದಲ್ಲಿ ‘ಪ್ರತಿಭಾ ಪುರಸ್ಕಾರ’. ಒಂದು ಶಾಲು, ಒಂದು ಹಾರ, ಒಂದು ಪ್ರಶಸ್ತಿಪತ್ರ, ಕೆಲವೆಡೆ ಒಂದಿಷ್ಟು ರೊಕ್ಕ. ಕರೆಯೋಲೆಯ ಅಡಿಯಲ್ಲಿ ಮಾತ್ರ ಒಂದು ಸಾಲು ತಪ್ಪದೆ ಇರುತ್ತದೆ: ‘ನಮ್ಮ ಸಮಾಜದ ವಿದ್ಯಾರ್ಥಿಗಳಿಗೆ ಮಾತ್ರ.’ ಒಂದೇ ಶಾಲೆಯಲ್ಲಿ, ಒಂದೇ ಬೆಂಚಿನ ಮೇಲೆ ಕುಳಿತು, ಒಬ್ಬರೇ ಮಾಸ್ತರರಿಂದ ಪಾಠ ಕೇಳಿದ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ಮೂರು ಕಡೆಯ ಹಾರ. ಅವನಿಗಿಂತ ಹೆಚ್ಚು ಅಂಕ ಪಡೆದ ಇನ್ನೊಬ್ಬನಿಗೆ ಒಂದೂ ಇಲ್ಲ. ಕಾರಣವೇನೆಂದರೆ, ಅವನ ಸಮಾಜಕ್ಕೆ ತಾಲೂಕಿನಲ್ಲಿ ಸಂಘವೇ ಇಲ್ಲ. ಇಂಥ ಬಹುಮಾನಗಳು ನಾಡನ್ನು ಒಡೆಯುವವೋ, ಅಥವಾ ಹಿಂದೆ ಬಿದ್ದವರನ್ನು ಮುಂದಕ್ಕೆ ತಂದು ಕೊನೆಗೆ ಕೂಡಿಸುವವೋ ಎಂಬುದೇ ಇಂದು ನಾವು ವಿಚಾರ ಮಾಡಬೇಕಾದ ಪ್ರಶ್ನೆ.

ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳುಂಟು. ‘ಇದೆಲ್ಲ ಜಾತೀಯತೆ, ಒಂದೇ ಏಟಿಗೆ ನಿಲ್ಲಿಸಿರಿ’ ಎಂಬುದು ಮೊದಲನೆಯದು. ‘ನಮ್ಮ ರೊಕ್ಕ, ನಮ್ಮ ಮಕ್ಕಳು; ಕೇಳಲು ನೀವಾರು?’ ಎಂಬುದು ಎರಡನೆಯದು. ಎರಡೂ ಆಡಲು ಸುಲಭ. ಎರಡರಲ್ಲಿಯೂ ಅರ್ಧ ಸತ್ಯವಿದೆ. ಅರ್ಧ ಸತ್ಯಗಳ ನಡುವೆ ನ್ಯಾಯವನ್ನು ಹುಡುಕುವುದು ನಮ್ಮ ವಕೀಲಿ ವೃತ್ತಿಯ ನಿತ್ಯದ ಕೆಲಸವಾದುದರಿಂದ, ಎರಡೂ ಪಕ್ಷಗಳ ಮಾತನ್ನು ಕ್ರಮವಾಗಿ ಕೇಳೋಣ.

ಮೊದಲು ಚರಿತ್ರೆಯನ್ನು ನೋಡಬೇಕು. ಸಮಾಜಕ್ಕೊಂದು ವಿದ್ಯಾಸಂಸ್ಥೆ, ಸಮಾಜಕ್ಕೊಂದು ಬೋರ್ಡಿಂಗು ಎಂಬ ಪದ್ಧತಿಯು ದುರುದ್ದೇಶದಿಂದ ಹುಟ್ಟಿದುದಲ್ಲ. ಶಾಲೆಯೂ ಸರಕಾರಿ ನೌಕರಿಯೂ ಕೆಲವೇ ಮನೆತನಗಳ ಸೊತ್ತಾಗಿದ್ದ ಕಾಲವದು. ಕೊಲ್ಲಾಪುರದ ಶಾಹೂ ಮಹಾರಾಜರು 1902ರಲ್ಲಿ ತಮ್ಮ ಸಂಸ್ಥಾನದ ನೌಕರಿಗಳಲ್ಲಿ ನೂರಕ್ಕೆ 50ನ್ನು ಹಿಂದುಳಿದವರಿಗೆ ಮೀಸಲಿಟ್ಟರು. ಬೇರೆ ಬೇರೆ ಸಮಾಜಗಳ ಮಕ್ಕಳಿಗೆ ವಸತಿಗೃಹಗಳನ್ನು ಕಟ್ಟಿಸಲು ನೆರವಾದರು. ನಮ್ಮ ವಿಜಾಪುರದಲ್ಲಿ 1910ರಲ್ಲಿ, ವಕೀಲರಾಗಿದ್ದ ಫ.ಗು. ಹಳಕಟ್ಟಿಯವರ ಮುಂದಾಳುತನದಲ್ಲಿ, ಇಂದು ಬಿ.ಎಲ್.ಡಿ.ಇ. ಎಂದು ಹೆಸರಾದ ಲಿಂಗಾಯತ ಜಿಲ್ಲಾ ಶಿಕ್ಷಣ ಸಂಸ್ಥೆಯು ತಲೆಯೆತ್ತಿತು. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯು ಹುಟ್ಟಿತು. 1918ರಲ್ಲಿ ಮೈಸೂರಿನ ನಾಲ್ವಡಿ ಕೃಷ್ಣರಾಜರು ಸರ್ ಲೆಸ್ಲಿ ಮಿಲ್ಲರರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿ, ಹಿಂದುಳಿದವರಿಗೆ ನೌಕರಿಯೂ ವಿದ್ಯೆಯೂ ದೊರೆಯುವ ಬಗೆಯನ್ನು ಶೋಧಿಸಿದರು. ಮುಂಬಯಿ ಪ್ರಾಂತದಲ್ಲಿ 1928ರಲ್ಲಿ ನೇಮಕಗೊಂಡ ಸ್ಟಾರ್ಟ್ ಸಮಿತಿಯು, ಡಾಕ್ಟರ ಅಂಬೇಡಕರರನ್ನೂ ಒಳಗೊಂಡು, ಅಸ್ಪೃಶ್ಯರೆನಿಸಿದವರ ಹಾಗೂ ಬುಡಕಟ್ಟಿನವರ ಸ್ಥಿತಿಯನ್ನು ವಿಚಾರಿಸಿತು. ನಮ್ಮ ನಾಲ್ಕೂ ತಾಲೂಕುಗಳು ಆಗ ಅದೇ ಪ್ರಾಂತದಲ್ಲಿದ್ದವು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಿರಿ. ತನ್ನ ಸಮಾಜದ ಹೆಸರಿನ ಸಂಸ್ಥೆಯನ್ನು ಕಟ್ಟಿದ ಹಳಕಟ್ಟಿಯವರೇ ವಚನ ಸಾಹಿತ್ಯವನ್ನು ಸಂಗ್ರಹಿಸಿ, ಮುದ್ರಿಸಿ, ಸಮಸ್ತ ಕನ್ನಡಿಗರ ಕೈಗಿತ್ತರು. 1926ರಲ್ಲಿ ಬಳ್ಳಾರಿಯಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಅವರು ಕಟ್ಟಿದ ಸಂಸ್ಥೆಯ ಕಾಲೇಜುಗಳಲ್ಲಿ ಇಂದು ಸರ್ವ ಸಮಾಜಗಳ ಮಕ್ಕಳೂ ಕಲಿಯುತ್ತಿರುವರು. ಹೆಸರು ಒಂದು ಸಮಾಜದ್ದು, ಬಾಗಿಲು ಎಲ್ಲರದು. ಆದುದರಿಂದ, ಒಂದು ಸಮಾಜದ ಹೆಸರು ಕಂಡಲ್ಲೆಲ್ಲ ದ್ರೋಹವಿದೆಯೆಂದು ಹೇಳುವವರು ನಮ್ಮ ಜಿಲ್ಲೆಯ ಚರಿತ್ರೆಯನ್ನು ಓದಿಲ್ಲವೆಂದೇ ಹೇಳಬೇಕು.

ಇನ್ನು ‘ಎಲ್ಲರಿಗೂ ತೆರೆದ’ ಬಹುಮಾನಗಳ ಕಥೆಯನ್ನು ಕೇಳಿರಿ. ಮುಂಬಯಿ ಪ್ರಾಂತದ ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ಸಂಸ್ಕೃತಕ್ಕೆ ಜಗನ್ನಾಥ ಶಂಕರಶೇಟ್ ವಿದ್ಯಾರ್ಥಿವೇತನವೆಂಬ ಬಲು ದೊಡ್ಡ ಗೌರವವಿತ್ತು. ಮುಂದೆ ರಿಜರ್ವ್ ಬ್ಯಾಂಕಿನ ಗವರ್ನರರಾದ ಚಿಂತಾಮಣರಾವ ದೇಶಮುಖರು 1912ರಲ್ಲಿ ಅದನ್ನು ಗಳಿಸಿದರು. ಅದಕ್ಕೆ ಜಾತಿಯ ನಿರ್ಬಂಧವಿರಲಿಲ್ಲ. ಆದರೆ ಸಂಸ್ಕೃತದ ಪಾಠವೇ ಕಿವಿಗೆ ಬೀಳದ ಕೇರಿಯ ಹುಡುಗನಿಗೆ ಆ ಬಹುಮಾನವು ತೆರೆದಿತ್ತೇ? ಕಾಗದದ ಮೇಲೆ ತೆರೆದಿತ್ತು, ದಾರಿಯಲ್ಲಿ ಮುಚ್ಚಿತ್ತು. ಹೊರದೇಶದ ದೃಷ್ಟಾಂತವೂ ಇದನ್ನೇ ಹೇಳುತ್ತದೆ. ಸೆಸಿಲ್ ರೋಡ್ಸನ ಮೃತ್ಯುಪತ್ರದ ಮೇರೆಗೆ ಆಕ್ಸ್‌ಫರ್ಡಿನಲ್ಲಿ ಓದಲು ಕೊಡುವ ವೇತನಕ್ಕೆ ಜನಾಂಗದ ಕಾರಣದಿಂದ ಯಾರೂ ಅನರ್ಹರಾಗಕೂಡದೆಂದು ಬರೆದಿತ್ತು. 1907ರಲ್ಲಿ ಅಲೇನ್ ಲಾಕ್ ಎಂಬ ಕಪ್ಪು ವರ್ಣದ ಅಮೇರಿಕನ್ ತರುಣನು ತನ್ನ ಯೋಗ್ಯತೆಯಿಂದಲೇ ಅದಕ್ಕೆ ಆಯ್ಕೆಯಾದನು. ಆಗ ಅಮೇರಿಕದ ದಕ್ಷಿಣ ಸಂಸ್ಥಾನಗಳಿಂದ ಬಂದಿದ್ದ ಬಿಳಿಯ ವಿದ್ಯಾರ್ಥಿಗಳು ಪ್ರತಿಭಟಿಸಿದರು. ಆಕ್ಸ್‌ಫರ್ಡಿನ ಕೆಲವು ಕಾಲೇಜುಗಳು ಅವನಿಗೆ ಪ್ರವೇಶವನ್ನೇ ಕೊಡಲಿಲ್ಲ. ಅವನ ತರುವಾಯ ಇನ್ನೊಬ್ಬ ಕಪ್ಪು ಅಮೇರಿಕನ್ನನು ಆಯ್ಕೆಯಾಗಲು ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಬೇಕಾಯಿತು. ಸ್ತ್ರೀಯರಿಗಂತೂ ಆ ವೇತನದ ಬಾಗಿಲು 1977ರಲ್ಲಿ ತೆರೆಯಿತು. ನಿಯಮದಲ್ಲಿ ‘ಎಲ್ಲರಿಗೂ’ ಎಂದು ಬರೆದ ಮಾತ್ರಕ್ಕೆ ಎಲ್ಲರಿಗೂ ದೊರೆಯುವುದಿಲ್ಲವೆಂಬುದು ಇದರಿಂದ ಸ್ಪಷ್ಟವಾಗುವುದು.

ಇಲ್ಲಿಯ ವರೆಗೆ ಮೀಸಲು ಬಹುಮಾನದ ಪಕ್ಷವನ್ನು ಹೇಳಿದೆವು. ಈಗ ಅದರಿಂದಾಗುವ ಕೇಡನ್ನೂ ಮುಚ್ಚಿಡದೆ ಹೇಳುವೆವು.

ಮೊದಲನೆಯ ಕೇಡು ಬಹುಮಾನ ಪಡೆದ ಮಗುವಿಗೇ ಆಗುತ್ತದೆ. ರಾತ್ರಿ ದೀಪದ ಮುಂದೆ ಕುಳಿತು ಓದಿದವಳು ಅವಳು, ಕಲಿಸಿದವರು ಮಾಸ್ತರರು, ಹೊಲದ ಕೆಲಸ ಬಿಡಿಸಿ ಶಾಲೆಗೆ ಕಳಿಸಿದವಳು ತಾಯಿ. ಆದರೆ ವ್ಯಾಸಪೀಠದ ಮೇಲಿಂದ ‘ಇದು ನಮ್ಮ ಸಮಾಜದ ಕೀರ್ತಿ’ ಎಂಬ ಮಾತು ಕೇಳಿಬರುತ್ತದೆ. ಹದಿನಾರು ವರ್ಷದ ಎಳೆಯ ಮನಸ್ಸಿಗೆ, ತನ್ನ ಗೆಲುವು ತನ್ನ ಜಾತಿಯಿಂದ ಬಂದಿತೆಂಬ ಪಾಠವನ್ನು ಹೀಗೆ ಕಲಿಸಿದಂತಾಗುತ್ತದೆ. ಎರಡನೆಯ ಕೇಡು ಬಹುಮಾನ ಸಿಗದ ಮಗುವಿಗೆ. ದೊಡ್ಡ ಸಮಾಜಗಳಿಗೆ ಸಂಘವಿದೆ, ಭವನವಿದೆ, ದಾನಿಗಳಿದ್ದಾರೆ. ಊರೂರು ಅಲೆಯುವ ಹೆಳವರ, ಗೊಂಧಳಿಗರ, ಬುಡಬುಡಕಿಯವರ ಮಕ್ಕಳಿಗೆ ಯಾರಿದ್ದಾರೆ? ಜಾತಿವಾರು ಪುರಸ್ಕಾರವು ಯಾರಿಗೆ ಹೆಚ್ಚು ಬೇಕೋ ಅವರಿಗೆ ಕಡಿಮೆಯನ್ನೂ, ಯಾರಿಗೆ ಇದೆಯೋ ಅವರಿಗೆ ಹೆಚ್ಚನ್ನೂ ಕೊಡುತ್ತದೆ. ಮೂರನೆಯ ಕೇಡು ಶಿಕ್ಷಕರಿಗೆ. ‘ನಮ್ಮ ಹುಡುಗರ ಪಟ್ಟಿ ಕೊಡಿರಿ’ ಎಂದು ಸಂಘದವರು ಬಂದು ನಿಂತಾಗ, ಹತ್ತು ತಿಂಗಳು ಎಲ್ಲರನ್ನೂ ಒಂದೇ ಕಣ್ಣಿನಿಂದ ನೋಡಿದ ಮಾಸ್ತರರು ಹನ್ನೊಂದನೆಯ ತಿಂಗಳಲ್ಲಿ ಮಕ್ಕಳನ್ನು ಜಾತಿಯಂತೆ ವಿಂಗಡಿಸಬೇಕಾಗುತ್ತದೆ. ನಾಲ್ಕನೆಯ ಕೇಡನ್ನು ತಾವೆಲ್ಲರೂ ಬಲ್ಲಿರಿ: ಚುನಾವಣೆಯು ಸಮೀಪಿಸಿದ ವರ್ಷ ಇಂಥ ಸಮಾರಂಭಗಳಲ್ಲಿ ಮಕ್ಕಳ ಭಾಷಣಕ್ಕಿಂತ ಮುಂದಾಳುಗಳ ಭಾಷಣವೇ ಉದ್ದವಾಗಿರುತ್ತದೆ.

ಹೀಗೆ ಎರಡು ಪಕ್ಷಗಳೂ ಬಲವಾಗಿರುವಾಗ, ನ್ಯಾಯಾಸ್ಥಾನಗಳೂ ಕಾಯಿದೆಗಳೂ ಏನು ಹೇಳಿವೆಯೆಂಬುದನ್ನು ನೋಡುವುದು ಯುಕ್ತ. ಮದ್ರಾಸ ಸರಕಾರವು ಕಾಲೇಜಿನ ಸ್ಥಾನಗಳನ್ನು ಜಾತಿ ಜಾತಿಗೆ ಹಂಚಿದ್ದ ಹುಕುಮನ್ನು ಸುಪ್ರೀಂ ಕೋರ್ಟು 1951ರಲ್ಲಿ ಚಂಪಕಂ ದೊರೈರಾಜನ್ ಖಟ್ಲೆಯಲ್ಲಿ ರದ್ದುಪಡಿಸಿತು. ಅದೇ ವರ್ಷ ರಾಜ್ಯಘಟನೆಗೆ ಮೊದಲ ತಿದ್ದುಪಡಿಯಾಗಿ, 15ನೆಯ ಕಲಮಿಗೆ ನಾಲ್ಕನೆಯ ಉಪಕಲಮು ಸೇರಿತು. ಸಾಮಾಜಿಕವಾಗಿಯೂ ಶೈಕ್ಷಣಿಕವಾಗಿಯೂ ಹಿಂದುಳಿದ ವರ್ಗಗಳಿಗೆ, ಪರಿಶಿಷ್ಟ ಜಾತಿ ಪಂಗಡಗಳಿಗೆ ವಿಶೇಷ ಏರ್ಪಾಡು ಮಾಡುವ ಅಧಿಕಾರ ಸರಕಾರಕ್ಕೆ ದೊರೆಯಿತು. 1962ರಲ್ಲಿ ನಮ್ಮದೇ ರಾಜ್ಯದ ಬಾಲಾಜಿ ಖಟ್ಲೆಯಲ್ಲಿ ಸುಪ್ರೀಂ ಕೋರ್ಟು, ವೈದ್ಯಕೀಯ ಹಾಗೂ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ನೂರಕ್ಕೆ 68 ಸ್ಥಾನಗಳನ್ನು ಮೀಸಲಿಟ್ಟ ಹುಕುಮನ್ನು ತಳ್ಳಿಹಾಕಿ, ಹಿಂದುಳಿದಿರುವಿಕೆಯನ್ನು ಅಳೆಯಲು ಜಾತಿಯೊಂದೇ ಅಳತೆಗೋಲಾಗದೆಂದು ಹೇಳಿತು. ಇವೆರಡನ್ನೂ ಕೂಡಿಸಿ ಓದಿದರೆ ತಾತ್ಪರ್ಯವಿಷ್ಟೇ: ‘ನೀನು ಯಾರ ಮಗ?’ ಎಂದು ಕೇಳಬೇಡಿರಿ. ‘ನಿನ್ನನ್ನು ಎಷ್ಟು ಹಿಂದಕ್ಕೆ ತಳ್ಳಲಾಗಿತ್ತು?’ ಎಂದು ಕೇಳಿರಿ.

ಇದೇ ಭೇದವನ್ನು 1961ರ ಆದಾಯಕರ ಕಾಯಿದೆಯೂ ಮಾಡಿತ್ತು. ಆ ಕಾಯಿದೆಯು ಜಾರಿಗೆ ಬಂದ ತರುವಾಯ ಹುಟ್ಟಿದ ಧರ್ಮಾರ್ಥ ಸಂಸ್ಥೆಯು ಒಂದೇ ಧರ್ಮದ ಅಥವಾ ಒಂದೇ ಜಾತಿಯ ಹಿತಕ್ಕಾಗಿ ಇದ್ದರೆ ಅದಕ್ಕೆ ಕರವಿನಾಯಿತಿ ಇಲ್ಲವೆಂದು 13ನೆಯ ಕಲಮಿನಲ್ಲಿ ಹೇಳಿತ್ತು. ಆದರೆ ಪರಿಶಿಷ್ಟ ಜಾತಿ ಪಂಗಡಗಳ, ಹಿಂದುಳಿದ ವರ್ಗಗಳ, ಸ್ತ್ರೀಯರ ಮತ್ತು ಮಕ್ಕಳ ಹಿತದ ಸಂಸ್ಥೆಗಳಿಗೆ ಈ ಅಡ್ಡಿಯನ್ನು ಹಚ್ಚಲಿಲ್ಲ. ಶುಷ್ಕವಾದ ಕರದ ಕಾಯಿದೆಯಲ್ಲಿಯೂ ಎಂಥ ವಿವೇಕವಿದೆ ನೋಡಿರಿ! ತಮ್ಮವರಿಗೆ ಕೊಡುವ ದಾನವನ್ನು ಅದು ನಿಷೇಧಿಸಲಿಲ್ಲ. ಅದನ್ನು ಸಾರ್ವಜನಿಕ ದಾನವೆಂದು ಗೌರವಿಸಲು ಮಾತ್ರ ಒಪ್ಪಲಿಲ್ಲ. ಖಾಸಗಿ ಸಂಘಗಳು ತಮ್ಮ ಶಾಲನ್ನು ಯಾರಿಗೆ ಹೊದಿಸಬೇಕೆಂಬುದನ್ನು ಕೋರ್ಟು ನಿರ್ಣಯಿಸಲಾರದು. ಅಲ್ಲಿ ಕಾಯಿದೆ ಮುಗಿದು ನಮ್ಮ ನಿಮ್ಮ ವಿವೇಕವು ಮೊದಲಾಗುತ್ತದೆ.

ಆ ವಿವೇಕವು ನಮಗೆ ಕಲಿಸುವ ಮುಖ್ಯ ಭೇದವೆಂದರೆ, ಸಹಾಯ ಬೇರೆ, ಸನ್ಮಾನ ಬೇರೆ ಎಂಬುದು. ಸಹಾಯವು ಕೊರತೆಯನ್ನು ನೋಡಬೇಕು; ಸನ್ಮಾನವು ಕೃತಿಯನ್ನು ನೋಡಬೇಕು. ಬಡೋದೆಯ ಸಯಾಜಿರಾವ ಮಹಾರಾಜರು 1913ರಲ್ಲಿ ಭೀಮರಾವ ಅಂಬೇಡಕರರನ್ನು ವಿದ್ಯಾರ್ಥಿವೇತನದ ಮೇಲೆ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿದುದು ಸಹಾಯ; ಅದರಿಂದ ದೇಶವು ಒಡೆಯಲಿಲ್ಲ, ದೇಶಕ್ಕೆ ರಾಜ್ಯಘಟನೆಯ ಶಿಲ್ಪಿಯು ದೊರೆತನು. ತಾಂಡಾದ ಹುಡುಗಿಗೆ ಪುಸ್ತಕ, ಆಲಮಟ್ಟಿ ಅಣೆಕಟ್ಟಿನಿಂದ ಮುಳುಗಿ ಪುನರ್ವಸತಿಗೊಂಡ ಊರಿನ ಹುಡುಗನಿಗೆ ಬಸ್ಸಿನ ಚಾರ್ಜು, ಗುಳೆ ಹೋದ ತಂದೆತಾಯಿಗಳ ಮಗುವಿಗೆ ವಸತಿಗೃಹ, ಇವು ಸಹಾಯಗಳು. ಇವನ್ನು ಯಾವ ಸಮಾಜವು ತನ್ನವರಿಗೆ ಕೊಟ್ಟರೂ ನಾವು ಕೈಮುಗಿಯುವೆವು. ಆದರೆ ‘ತಾಲೂಕಿಗೆ ಪ್ರಥಮ’ ಎಂಬ ಗೌರವವನ್ನು ಹತ್ತು ಜಾತಿಗಳಿಗೆ ಹತ್ತು ಬಾರಿ ಹಂಚಿದರೆ ಪ್ರಥಮವೆಂಬ ಶಬ್ದಕ್ಕೇ ಅರ್ಥವುಳಿಯದು.

‘ಸನ್ಮಾನವೂ ಒಂದು ಸಹಾಯವಲ್ಲವೆ? ತನ್ನ ಕೇರಿಯಲ್ಲಿ ಮೊದಲ ಬಾರಿಗೆ ಪಾಸಾದ ಹುಡುಗಿಗೆ ಹಾಕುವ ಹಾರದಿಂದ ಅವಳ ಹಿಂದೆ ಬರುವ ಹತ್ತು ಹುಡುಗಿಯರಿಗೆ ಧೈರ್ಯ ಬರುವುದಿಲ್ಲವೆ?’ ಎಂದು ಕೆಲವರು ಕೇಳಬಹುದು. ಈ ಆಕ್ಷೇಪವು ನ್ಯಾಯವಾದುದು. ಇಂಗ್ಲಂಡದಲ್ಲಿ 1991ರ ಬೂಕರ್ ಬಹುಮಾನದ ಅಂತಿಮ ಪಟ್ಟಿಯಲ್ಲಿ ಒಬ್ಬ ಲೇಖಕಿಯೂ ಇರಲಿಲ್ಲ. ಅದರಿಂದ ನೊಂದವರು ಸ್ತ್ರೀಯರಿಗಾಗಿಯೇ ಒಂದು ಕಾದಂಬರಿ ಬಹುಮಾನವನ್ನು ಸ್ಥಾಪಿಸಿ 1996ರಿಂದ ಕೊಡತೊಡಗಿದರು. 1990ರಲ್ಲಿ ಬೂಕರ್ ಪಡೆದಿದ್ದ ಎ.ಎಸ್. ಬಯಟ್ ಎಂಬ ಲೇಖಕಿಯೇ ಇದನ್ನು ವಿರೋಧಿಸಿ, ತಮ್ಮ ಕೃತಿಗಳನ್ನು ಅದಕ್ಕೆ ಕಳಿಸಲು ಒಪ್ಪಲಿಲ್ಲ. ಯಾರು ಸರಿ? ಕಣ್ಣಿಗೇ ಬೀಳದವರನ್ನು ಕಣ್ಣಿಗೆ ಬೀಳಿಸುವ ಬಹುಮಾನವು ಆ ಮಟ್ಟಿಗೆ ನ್ಯಾಯ; ಕಣ್ಣಿಗೆ ಬಿದ್ದ ಮೇಲೂ ಬೇಲಿಯನ್ನು ಕೀಳದಿದ್ದರೆ ಅನ್ಯಾಯ. ನಮ್ಮ ಹಾಸನದ ಲೇಖಕಿ, ವಕೀಲರೂ ಆದ ಬಾನು ಮುಷ್ತಾಕರಿಗೆ ಅನುವಾದಕಿ ದೀಪಾ ಭಾಸ್ತಿಯವರೊಡನೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಹುಮಾನವು ದೊರೆತಾಗ, ಅದು ಸ್ತ್ರೀಯರ ಬಹುಮಾನವೂ ಅಲ್ಲ, ಒಂದು ಧರ್ಮದ ಬಹುಮಾನವೂ ಅಲ್ಲ. ಜಗತ್ತಿನ ಭಾಷೆಗಳೆಲ್ಲದರ ನಡುವೆ ಗೆದ್ದ ಕನ್ನಡದ ಕಥೆಗಳ ಬಹುಮಾನ. ಮೀಸಲು ಬಹುಮಾನಗಳೆಲ್ಲವೂ ಮುಟ್ಟಬೇಕಾದ ಊರು ಇದು.

‘ಕನ್ನಡಕ್ಕೆಂದೇ ಬಹುಮಾನವನ್ನು ಮೀಸಲಿಡುವ ನೀವು ಜಾತಿಗೆ ಮೀಸಲಿಟ್ಟರೆ ಏಕೆ ಮುನಿಯುವಿರಿ?’ ಎಂದು ನಮ್ಮನ್ನು ಕೇಳುವವರೂ ಉಂಟು. ನಿಜ, ಕೇಂದ್ರ ಸಾಹಿತ್ಯ ಅಕಾಡೆಮಿಯು 24 ಭಾಷೆಗಳಿಗೆ ಬೇರೆ ಬೇರೆ ಬಹುಮಾನಗಳನ್ನು ಕೊಡುತ್ತದೆ, ಕನ್ನಡದ ಬಹುಮಾನವು ಮರಾಠಿಯ ಪುಸ್ತಕಕ್ಕೆ ಸಿಗದು. ಆದರೆ ಭಾಷೆಯ ಗೋಡೆಗೆ ಬಾಗಿಲಿದೆ. ಮನೆಯಲ್ಲಿ ಮರಾಠಿಯನ್ನಾಡುತ್ತಿದ್ದ ಬೇಂದ್ರೆಯವರು, ತಮಿಳನ್ನಾಡುತ್ತಿದ್ದ ಮಾಸ್ತಿಯವರು, ಕೊಂಕಣಿಯನ್ನಾಡುತ್ತಿದ್ದ ಗಿರೀಶ ಕಾರ್ನಾಡರು ಆ ಬಾಗಿಲಿನಿಂದಲೇ ಒಳಬಂದು 1973, 1983, 1998ರ ಜ್ಞಾನಪೀಠ ಪ್ರಶಸ್ತಿಗಳನ್ನು ಕನ್ನಡಕ್ಕೆ ತಂದರು. ಕನ್ನಡವನ್ನು ಯಾರೂ ಕಲಿಯಬಹುದು. ಜಾತಿಯನ್ನು ಯಾರೂ ಕಲಿತು ಸೇರಲಾರರು. ಬಾಗಿಲುಳ್ಳ ಗೋಡೆ ಮನೆಯಾಗುತ್ತದೆ, ಬಾಗಿಲಿಲ್ಲದ್ದು ಸೆರೆಮನೆಯಾಗುತ್ತದೆ.

ಇದಕ್ಕೆ ಸಾಕ್ಷಿಯನ್ನು ದೂರದಿಂದ ತರಬೇಕಾಗಿಲ್ಲ. ಇಂಡಿ ಸೀಮೆಯ ಹಲಸಂಗಿಯ ಗೆಳೆಯರನ್ನು ನೆನೆಯಿರಿ. ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಕಾಪಸೆ ರೇವಪ್ಪನವರು, ಧೂಲಾಸಾಹೇಬರು ಒಂದಾಗಿ, ಬೀಸುವ ಕುಟ್ಟುವ ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡುಗಳನ್ನು ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಪುಸ್ತಕವಾಯಿತು. ಹಾಡಿದವಳ ಜಾತಿಯನ್ನು ಅವರು ಕೇಳಿದ್ದರೆ, ಸಂಗ್ರಹಿಸಿದವನ ಮತವನ್ನು ಓದುಗರು ಕೇಳಿದ್ದರೆ ಆ ಪುಸ್ತಕವು ಹುಟ್ಟುತ್ತಿದ್ದಿತೇ? ಇನ್ನು ಬಸವನ ಬಾಗೇವಾಡಿಯ ಮಾತು ಬೇರೆ ಹೇಳಬೇಕೆ? ಅಂಬಿಗನೂ ಮಾದಾರನೂ ಹಗ್ಗ ಹೊಸೆಯುವವನೂ ಸರಿಸಮಾನವಾಗಿ ಕುಳಿತು ಅನುಭಾವ ನುಡಿದ ಪರಂಪರೆಯ ಮೂಲಪುರುಷನು ಜನಿಸಿದ ಊರಿನ ಸುತ್ತಲೇ ಹಾರಗಳು ಜಾತಿಯ ಹೆಸರು ಕೇಳಿ ಕೊರಳಿಗೆ ಬೀಳುವುದು ನಮಗೆ ಶೋಭಿಸುವುದೇ?

ಹಾಗಾದರೆ ಮಾಡತಕ್ಕದ್ದೇನು? ಇಲ್ಲಿ ನಮ್ಮ ರಾಷ್ಟ್ರೀಯ ಚಳವಳಿಯ ಒಂದು ಅನುಭವವು ದಾರಿ ತೋರಿಸುತ್ತದೆ. 1932ರಲ್ಲಿ ಬ್ರಿಟಿಷ್ ಪ್ರಧಾನಿಯ ಕೋಮುವಾರು ತೀರ್ಪು ದಲಿತರಿಗೆ ಪ್ರತ್ಯೇಕ ಮತಕ್ಷೇತ್ರಗಳನ್ನು ಕೊಟ್ಟಿತು. ಗಾಂಧೀಜಿಯವರು ಯರವಡಾ ಸೆರೆಮನೆಯಲ್ಲಿ ಉಪವಾಸ ಹೂಡಿದರು. ಸೆಪ್ಟೆಂಬರ 24ರಂದು ಆದ ಪುಣೆಯ ಒಪ್ಪಂದದಂತೆ ಪ್ರಾಂತಗಳ ಶಾಸನಸಭೆಗಳಲ್ಲಿ 148 ಸ್ಥಾನಗಳು ದಲಿತರಿಗೆ ಮೀಸಲಾದವು. ಸಿಂಧವನ್ನೊಳಗೊಂಡ ಮುಂಬಯಿ ಪ್ರಾಂತಕ್ಕೆ 15. ಆದರೆ ಅಂತಿಮ ಮತದಾನವು ಎಲ್ಲರದೂ ಕೂಡಿಯೇ. ಅಂದರೆ, ಸ್ಥಾನವು ಮೀಸಲು. ಆರಿಸುವ ಅಂಗಳವು ಒಂದೇ. ಕೂಡಿದ ಮತದಾನದಲ್ಲಿ ಬಹುಸಂಖ್ಯಾತರ ಮರ್ಜಿಯೇ ನಡೆಯುವುದೆಂದು ಅಂಬೇಡಕರರು ಮುಂದೆ ಅದನ್ನು ಕಟುವಾಗಿ ಟೀಕಿಸಿದರು. ಆ ಟೀಕೆಯನ್ನೂ ನಾವು ಪಾಠವೆಂದೇ ಸ್ವೀಕರಿಸಬೇಕು: ಅಂಗಳವು ಒಂದೇ ಆದರೆ ಸಾಲದು; ಅದರಲ್ಲಿ ದುರ್ಬಲನ ಮಾತಿಗೂ ತೂಕವಿರಬೇಕು.

ಈ ತತ್ತ್ವದ ಮೇಲೆ ತಮ್ಮ ಮುಂದೆ ನಾಲ್ಕು ಸೂಚನೆಗಳನ್ನಿಡುವೆವು. ಒಂದು: ಸಹಾಯದ ಫಂಡುಗಳನ್ನು ಆಯಾ ಸಮಾಜಗಳು ಇಟ್ಟುಕೊಳ್ಳಲಿ, ಆದರೆ ಅಂಕಕ್ಕಿಂತ ಮೊದಲು ಅಡಚಣೆಯನ್ನು ನೋಡಲಿ. ಮನೆಯಲ್ಲಿ ಮೊದಲು ಪಾಸಾದವರು, ಗುಳೆ ಹೋಗುವವರ ಮಕ್ಕಳು, ಹೆಣ್ಣುಮಕ್ಕಳು ಮುಂದೆ ಬರಲಿ. ಆ ವರ್ಷ ತಮ್ಮಲ್ಲಿ ತಕ್ಕವರು ಸಿಗದಿದ್ದರೆ ರೊಕ್ಕವು ತಾಲೂಕಿನ ಯಾವ ಬಡ ಮಗುವಿಗಾದರೂ ಸಲ್ಲಬೇಕೆಂಬ ಒಂದು ಸಾಲನ್ನು ಟ್ರಸ್ಟಿನ ದಸ್ತೈವಜಿನಲ್ಲಿ ಬರೆಸಿರಿ. ಎರಡು: ಸನ್ಮಾನವು ತಾಲೂಕಿಗೆ ಒಂದೇ ದಿನ, ಹೈಸ್ಕೂಲಿನ ಬಯಲಿನಲ್ಲಿ, ಒಂದೇ ವ್ಯಾಸಪೀಠದ ಮೇಲೆ ನಡೆಯಲಿ. ದಾನ ಕೊಟ್ಟ ಸಮಾಜಗಳ ಹೆಸರನ್ನು ಗೌರವದಿಂದ ಓದಿರಿ. ಪಡೆದ ಮಗುವಿನ ಹೆಸರು, ಊರು, ಶಾಲೆ ಇಷ್ಟನ್ನೇ ಓದಿರಿ. ಮೂರು: ಆರಿಸುವ ಸಮಿತಿಯಲ್ಲಿ ಮುಖ್ಯಾಧ್ಯಾಪಕರೊಡನೆ ತಾಂಡಾಗಳ, ಕೇರಿಗಳ, ಚಿಕ್ಕ ಸಮಾಜಗಳ ಪ್ರತಿನಿಧಿಗಳೂ ಮತಾಧಿಕಾರ ಪಡೆದು ಕೂಡ್ರಲಿ. ನಾಲ್ಕು: ಪ್ರತಿಯೊಂದು ಸಂಘವು ತನ್ನ ಪುರಸ್ಕಾರದ ರೊಕ್ಕದಲ್ಲಿ ಹತ್ತರಲ್ಲೊಂದು ಪಾಲನ್ನು, ಸಂಘವೇ ಇಲ್ಲದ ಸಮಾಜಗಳ ಮಕ್ಕಳಿಗಾಗಿ ತೆಗೆದಿಡಲಿ. ಸರಕಾರಿ ವಿದ್ಯಾರ್ಥಿವೇತನಕ್ಕೆ ಬೇಕಾದ ಪ್ರಮಾಣಪತ್ರವು ಸಹಾಯದ ಮಾತಾದುದರಿಂದ ಅದನ್ನು ಶಿಕ್ಷಕರು ಅಗತ್ಯವಾಗಿ ಒದಗಿಸಲಿ. ಆದರೆ ಹಾರ ಹಾಕಲು ಜಾತಿಯ ಪಟ್ಟಿ ಕೇಳಿದರೆ ವಿನಯದಿಂದ ಇಲ್ಲವೆನ್ನಲಿ.

ಇದನ್ನು ಮೊದಲು ಮಾಡಬೇಕಾದವರು ಯಾರು? ಸಂಖ್ಯೆಯಲ್ಲಿಯೂ ಸಂಪತ್ತಿನಲ್ಲಿಯೂ ದೊಡ್ಡವಾದ ಸಮಾಜಗಳು. ನೂರಾರು ವರ್ಷ ವಿದ್ಯೆಯಿಂದ ದೂರವಿಟ್ಟವರಿಗೆ ‘ನೀವು ನಿಮ್ಮ ಸಮಾರಂಭವನ್ನು ನಿಲ್ಲಿಸಿರಿ’ ಎಂದು ಮೊದಲು ಉಪದೇಶಿಸುವುದು ಹಸಿದವನಿಗೆ ಉಪವಾಸದ ಮಹಿಮೆಯನ್ನು ಹೇಳಿದಂತೆ. ದೊಡ್ಡವರು ತಮ್ಮ ಬೇಲಿಯನ್ನು ಕಿತ್ತು ಬಯಲಿಗೆ ಬರಲಿ. ಚಿಕ್ಕವರು ಭಯವಿಲ್ಲದೆ ಬಂದು ಸೇರುವರು.

ಚಡಚಣ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರಗಳು ಈಚೆಗೆ ಬೇರೆ ತಾಲೂಕುಗಳಾದವು. ಕಚೇರಿಗಳು ಬೇರೆಯಾದರೂ ಸಂತೆಯೂ ಜಾತ್ರೆಯೂ ನೆಂಟಸ್ತಿಕೆಯೂ ಬೇರೆಯಾಗಲಿಲ್ಲ. 1956ರ ನವೆಂಬರ 1ರಂದು ಮುಂಬಯಿ, ಹೈದರಾಬಾದ, ಮದ್ರಾಸ, ಕೊಡಗು, ಮೈಸೂರುಗಳಲ್ಲಿ ಚೆದುರಿದ್ದ ಕನ್ನಡಿಗರು ಒಂದು ಆಡಳಿತದಡಿಗೆ ಬಂದರು. ನಕ್ಷೆಯ ಗೆರೆಗಳನ್ನು ಅಳಿಸಲು ಅಷ್ಟೊಂದು ಜನ ಅಷ್ಟೊಂದು ವರ್ಷ ದುಡಿದರು. ನಮ್ಮ ಶಾಲೆಯ ಒಂದು ಬೆಂಚಿನ ಮೇಲೆ ನಾವೇ ಎಳೆಯುತ್ತಿರುವ ಗೆರೆಯನ್ನು ಅಳಿಸಲು ಯಾವ ಸರಕಾರದ ಹುಕುಮೂ ಬೇಕಾಗಿಲ್ಲ. ಬರುವ ಫಲಿತಾಂಶಕ್ಕೆ ಇನ್ನೂ ಸಮಯವಿದೆ. ನಾಲ್ಕು ತಾಲೂಕುಗಳಲ್ಲಿ ಒಂದಾದರೂ ಈ ವರ್ಷ ಮೊದಲು ಮಾಡಲಿ. ಉಳಿದವು ನೋಡಿ ಕಲಿಯಲಿ.